ಎದ್ದು ನಿಂತರೆ ಕಣ್ಣಿಗೆ ಕತ್ತಲೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನಗೆ 68 ವರ್ಷ. ಬಹಳ ವರ್ಷಗಳಿಂದ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಸಕ್ಕರೆ ಕಾಯಿಲೆಯೂ ಇದೆ. ಈಚೆಗೆ ಬೆಳಿಗ್ಗೆ ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಕವಿದಂತಾಗಿ ಗೋಡೆ ಹಿಡಿದು ನಿಲ್ಲಬೇಕಾಗುತ್ತದೆ. ಮಗ ಮನೆಯ ಯಂತ್ರದಲ್ಲಿ ನೋಡಿದಾಗ ಮಲಗಿದ್ದಲ್ಲಿ 152/84, ನಿಂತ ಮೇಲೆ 124/72 ಬಂತು. ಮಾತ್ರೆ ನಿಲ್ಲಿಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಮ್ಮ ಮಗ ಮಲಗಿದ್ದಾಗಲೂ ನಿಂತಾಗಲೂ ಅಳೆದದ್ದು ಬಹಳ ಒಳ್ಳೆಯದಾಯಿತು. ಕುರ್ಚಿಯಲ್ಲಿ ಕೂರಿಸಿ ಒಮ್ಮೆ ನೋಡಿ ಬಿಟ್ಟಿದ್ದರೆ ಈ ತೊಂದರೆ ಗೊತ್ತಾಗುತ್ತಲೇ ಇರಲಿಲ್ಲ. ನಿಂತ ಮೂರು ನಿಮಿಷಗಳೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದನ್ನು ಗಮನಿಸಬೇಕಾದ ಇಳಿತವೆಂದು ವೈದ್ಯರು ಪರಿಗಣಿಸುತ್ತಾರೆ. ನಿಮ್ಮದು ಎರಡನ್ನೂ ದಾಟಿದೆ.

ಮಲಗಿದ್ದವರು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ ಮತ್ತು ಕಾಲುಗಳ ಅಭಿಧಮನಿಗಳಿಗೆ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಒತ್ತಡ ಕುಸಿಯತೊಡಗುತ್ತದೆ. ದವಡೆಯ ಮೂಲೆಯ ಕೆಳಗೆ ಕೆರೋಟಿಡ್ ಅಪಧಮನಿ ಕವಲೊಡೆಯುವ ಜಾಗದಲ್ಲಿಯೂ ಮಹಾಪಧಮನಿಯ ಕಮಾನಿನಲ್ಲಿಯೂ ರಕ್ತನಾಳದ ಗೋಡೆ ಎಷ್ಟು ಹಿಗ್ಗಿದೆ ಎಂಬುದನ್ನು ಗ್ರಹಿಸುವ ನರತುದಿಗಳಿವೆ. ಒತ್ತಡ ಇಳಿದು ಗೋಡೆಯ ಹಿಗ್ಗು ತಗ್ಗಿದೊಡನೆ ಇವು ಮಿದುಳಿನ ಬುಡದಲ್ಲಿರುವ ಮೆಡುಲ್ಲಾಗೆ ಕಳುಹಿಸುವ ಸಂಕೇತಗಳು ವಿರಳವಾಗುತ್ತವೆ. ಅದನ್ನು ಅರಿತ ಮೆಡುಲ್ಲಾ, ಹೃದಯದ ಬಡಿತವನ್ನು ನಿಧಾನವಾಗಿಟ್ಟಿದ್ದ ವೇಗಸ್ ನರದ ಹಿಡಿತವನ್ನು ಒಂದೆರಡು ಬಡಿತಗಳಲ್ಲೇ ಸಡಿಲಿಸುತ್ತದೆ ಮತ್ತು ಕೆಲವೇ ಸೆಕೆಂಡುಗಳಲ್ಲಿ ಸಿಂಪಥೆಟಿಕ್ ನರಗಳ ಮೂಲಕ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಆರೋಗ್ಯವಂತರಿಗೆ ಇದೆಲ್ಲ ನಡೆದದ್ದೂ ತಿಳಿಯುವುದಿಲ್ಲ.

ವಯಸ್ಸಾದಂತೆ ಅಪಧಮನಿಗಳ ಗೋಡೆ ಗಡುಸಾಗಿ ಸರಿಯಾಗಿ ಹಿಗ್ಗದೆ ಹೋಗುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆ ಇದೇ ನರಗಳನ್ನು ಹಾಳುಮಾಡುತ್ತದೆ. ಅದರ ಮೇಲೆ ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಪ್ರಾಸ್ಟೇಟ್ ತೊಂದರೆಗೆ ಕೊಡುವ ಕೆಲವು ಮಾತ್ರೆಗಳೂ ಸೇರಿದರೆ ಇಳಿತ ಇನ್ನಷ್ಟು ಹೆಚ್ಚುತ್ತದೆ. ಹಾಗೆಂದು ಮಾತ್ರೆ ಬಿಟ್ಟರೆ ಮಲಗಿದ್ದಾಗಿನ 152 ಇನ್ನೂ ಮೇಲೇರಬಹುದು, ಅದು ನಿಮಗೆ ಗೊತ್ತೂ ಆಗುವುದಿಲ್ಲ. ಒತ್ತಡ ಬಹಳ ದಿನ ಹೆಚ್ಚಾಗಿಯೇ ಇದ್ದರೆ ಈ ನರತುದಿಗಳು ಆ ಹೆಚ್ಚಿನ ಮಟ್ಟವನ್ನೇ ಸಹಜವೆಂದು ಒಪ್ಪಿಕೊಂಡು ಅದನ್ನೇ ಕಾಯತೊಡಗುತ್ತವೆ. ಕ್ಷಣಕ್ಷಣದ ಏರಿಳಿತವನ್ನು ಇಷ್ಟು ಚುರುಕಾಗಿ ಸರಿಪಡಿಸುವ ವ್ಯವಸ್ಥೆಯೇ ವರ್ಷಗಟ್ಟಲೆಯ ಏರು ಒತ್ತಡವನ್ನು ಇಳಿಸಲಾರದೆ ಹೋಗುವುದು ಇದರಿಂದಾಗಿ. ‘ನನಗೇನೂ ಆಗುತ್ತಿಲ್ಲ, ಬಿ.ಪಿ. ಸರಿಯಾಗಿಯೇ ಇರಬೇಕು’ ಎಂಬ ಮಾತನ್ನು ನಾನು ಎಂದಿಗೂ ಒಪ್ಪುವುದಿಲ್ಲ.

ಎರಡೂ ಅಂಕಿಗಳನ್ನು ಬರೆದುಕೊಂಡು, ಸೇವಿಸುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ನಿಮ್ಮ ವೈದ್ಯರ ಬಳಿಗೆ ಹೋಗಿ. ಯಾವುದನ್ನು ಕಡಿಮೆ ಮಾಡಬೇಕು, ಯಾವುದರ ಹೊತ್ತು ಬದಲಿಸಬೇಕು ಎಂಬುದನ್ನು ಅವರು ಹೇಳುತ್ತಾರೆ. ಅಲ್ಲಿಯವರೆಗೆ ಏಳುವ ಮುನ್ನ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಮೀನಖಂಡವನ್ನು ಬಿಗಿಮಾಡಿ ಸಡಿಲಿಸಿ, ಆಮೇಲೆ ನಿಲ್ಲಿ. ರಾತ್ರಿ ಮೂತ್ರಕ್ಕೆ ಏಳುವಾಗ, ಬಿಸಿನೀರಿನ ಸ್ನಾನವಾದ ಮೇಲೆ ಮತ್ತು ಹೊಟ್ಟೆ ತುಂಬ ಊಟ ಮಾಡಿದ ಮೇಲೆ ಹೆಚ್ಚು ಎಚ್ಚರ ಬೇಕು.

ಪ್ರಶ್ನೆ: ನಮ್ಮ ಹುಡುಗರು ತೋಟದ ಬಾವಿಯಲ್ಲಿ ಹೆಚ್ಚು ಹೊತ್ತು ಮುಳುಗಿರುವ ಪಂದ್ಯ ಕಟ್ಟುತ್ತಾರೆ. ಮುಳುಗುವ ಮೊದಲು ಜೋರಾಗಿ ಹತ್ತಿಪ್ಪತ್ತು ಬಾರಿ ಉಸಿರಾಡಿದರೆ ದಮ್ಮು ಹೆಚ್ಚು ಹೊತ್ತು ನಿಲ್ಲುತ್ತದೆಯಂತೆ. ಇದು ಸರಿಯೇ?
– ತಾಯಿಯೊಬ್ಬರು, ತಿಪಟೂರು

ಉತ್ತರ: ದಮ್ಮು ಹೆಚ್ಚು ಹೊತ್ತು ನಿಲ್ಲುವುದು ನಿಜ, ಅದೇ ಪ್ರಾಣಕ್ಕೆ ಕುತ್ತು. ಇಂದೇ ನಿಲ್ಲಿಸಿ.

ಉಸಿರು ಬಿಗಿಹಿಡಿದಾಗ ‘ಇನ್ನು ಸಾಧ್ಯವಿಲ್ಲ’ ಎನಿಸುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದರಿಂದ; ಮೆಡುಲ್ಲಾದ ರಾಸಾಯನಿಕ ಗ್ರಾಹಕಗಳು ಅದನ್ನು ಬಹಳ ಸೂಕ್ಷ್ಮವಾಗಿ ಗುರುತಿಸುತ್ತವೆ. ಆಮ್ಲಜನಕದ ಕೊರತೆಯನ್ನು ಅರಿಯುವ ಗ್ರಾಹಕಗಳು ಮೇಲೆ ಹೇಳಿದ ಕೆರೋಟಿಡ್ ಕವಲಿನಲ್ಲೇ, ಒತ್ತಡ ಗ್ರಹಿಸುವ ನರತುದಿಗಳ ಪಕ್ಕದಲ್ಲೇ ಇವೆ. ಇವೆರಡೂ ಉಸಿರಾಟವನ್ನು ಹೇಗೆ ನಿಯಂತ್ರಿಸುತ್ತವೆ ಎಂದು ತೋರಿಸಿದ್ದಕ್ಕಾಗಿ ಬೆಲ್ಜಿಯಂನ ಕಾರ್ನೇಯ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಬಹುಮಾನ ಸಂದಿತು. ಆದರೆ ಆಮ್ಲಜನಕ ಸಾಕಷ್ಟು ಕೆಳಗಿಳಿಯುವವರೆಗೆ ಇವುಗಳ ಎಚ್ಚರಿಕೆ ಜೋರಾಗುವುದಿಲ್ಲ. ಬಿರುಸಾಗಿ ಉಸಿರಾಡಿದಾಗ ರಕ್ತಕ್ಕೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಅದು ಮೊದಲೇ ಬಹುತೇಕ ತುಂಬಿರುತ್ತದೆ. ಇಂಗಾಲದ ಡೈಆಕ್ಸೈಡ್ ಮಾತ್ರ ಹೊರಹೋಗುತ್ತದೆ. ಆದ್ದರಿಂದ ಮೇಲೆ ಬರಬೇಕೆಂಬ ಒತ್ತಾಯ ಹುಟ್ಟುವ ಮೊದಲೇ ಆಮ್ಲಜನಕ ಮುಗಿದು, ಹುಡುಗ ಒದ್ದಾಡದೆ, ಕೂಗದೆ ನೀರಿನೊಳಗೇ ಪ್ರಜ್ಞೆ ತಪ್ಪುತ್ತಾನೆ. ದಡದಲ್ಲಿ ಕುಳಿತವರು ಅವನು ಇನ್ನೂ ದಮ್ಮು ಕಟ್ಟಿದ್ದಾನೆಂದೇ ತಿಳಿಯುತ್ತಾರೆ. ಚೆನ್ನಾಗಿ ಈಜುವವರೂ ಹೀಗೆ ಸತ್ತಿದ್ದಾರೆ.

ಪ್ರಶ್ನೆ: ನಮ್ಮ ತಂದೆಗೆ ಹೃದಯ ದುರ್ಬಲವಾಗಿದೆ. ಆಕ್ಸಿಮೀಟರಿನಲ್ಲಿ 96 ತೋರಿಸಿದರೂ ಏದುಸಿರು ಬಿಡುತ್ತಾರೆ. ಇದು ಬರೀ ಗಾಬರಿಯೇ?
– ಓದುಗರು, ಧಾರವಾಡ

ಉತ್ತರ: ಗಾಬರಿಯೆಂದು ತಳ್ಳಿಹಾಕಬೇಡಿ. ಹೃದಯ ಸೋತಾಗ ರಕ್ತ ಹಿಂದೆ ನಿಂತು ಶ್ವಾಸಕೋಶದ ಲೋಮನಾಳಗಳ ಸುತ್ತ ನೀರು ಒಸರುತ್ತದೆ. ಅಲ್ಲಿರುವ ‘ಜೆ’ ಗ್ರಾಹಕಗಳು ಇದರಿಂದ ಕೆರಳಿ ವೇಗಸ್ ನರದ ಮೂಲಕ ಮೆಡುಲ್ಲಾಗೆ ಸುದ್ದಿ ಮುಟ್ಟಿಸುತ್ತವೆ, ಉಸಿರು ಮೇಲುಮೇಲಕ್ಕೆ, ಬೇಗಬೇಗ ಸಾಗುತ್ತದೆ. ಆಮ್ಲಜನಕ ಇನ್ನೂ ಚೆನ್ನಾಗಿದ್ದಾಗಲೇ ಹೀಗಾಗಬಹುದು. ಈ ಗ್ರಾಹಕಗಳನ್ನು ಗುರುತಿಸಿ ಹೆಸರಿಟ್ಟವರು ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಎ.ಎಸ್. ಪೈಂಟಾಲ್, ನಮ್ಮ ದೇಶದ ಶರೀರವಿಜ್ಞಾನಿಯೊಬ್ಬರ ಈ ಕೆಲಸ ನಮ್ಮ ವಿದ್ಯಾರ್ಥಿಗಳಿಗೆ ಇನ್ನೂ ಚೆನ್ನಾಗಿ ಪರಿಚಯವಾಗಬೇಕು.

ತಂದೆಯವರಿಗೆ ಮಲಗಿದರೆ ಉಸಿರು ಕಟ್ಟಿ ದಿಂಬಿನ ಮೇಲೆ ದಿಂಬು ಬೇಕಾಗುತ್ತಿದ್ದರೆ, ಪಾದ ಊದಿಕೊಂಡಿದ್ದರೆ, ಎರಡು ಮೂರು ದಿನಗಳಲ್ಲಿ ತೂಕ ಏರಿದ್ದರೆ ತಡಮಾಡದೆ ಹೃದಯದ ವೈದ್ಯರಿಗೆ ತೋರಿಸಿ. ಕೂತಲ್ಲೇ ಉಸಿರು ಸಾಲದೆ ನೊರೆಯಂಥ ಕಫ ಬರತೊಡಗಿದರೆ ಅವರನ್ನು ಮಲಗಿಸದೆ, ಕೂರಿಸಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಿರಿ.