ಮಗನಿಗೆ ಇನ್‌ಸ್ಟಾಗ್ರಾಂ ಬೇಕಂತೆ, ಕಲಿಯೋಕಂತೆ. ಕೊಡಬಹುದಾ?

ಪ್ರಶ್ನೆ: ಹಾಸನದ ಹತ್ತಿರದ ಹಳ್ಳಿ ನಮ್ಮದು. ಮಗನಿಗೆ 11 ವರ್ಷ, ಆರನೇ ಕ್ಲಾಸು. ಗಿಡ, ಹುಳ, ಹಕ್ಕಿ ಅಂದ್ರೆ ಪ್ರಾಣ. ಯೂಟ್ಯೂಬ್‌ನಲ್ಲಿ ಅದನ್ನೇ ನೋಡ್ತಾನೆ. ಈಗ ಇನ್‌ಸ್ಟಾಗ್ರಾಂ ಅಕೌಂಟ್ ಬೇಕು, ತಾನು ತೆಗೆದ ಫೋಟೊ ಹಾಕಬೇಕು ಅಂತ ಹಟ. "ಎಲ್ರೂ ಹುಟ್ಟಿದ ವರ್ಷ ಬದಲಾಯಿಸಿ ಮಾಡ್ಕೊಂಡಿದಾರೆ" ಅಂತಾನೆ. ನಮ್ಮೆಜಮಾನ್ರು ಫೋನನ್ನೇ ಮುಟ್ಟಬಾರದು ಅಂತಾರೆ. ಕಲಿಕೆಗೆ ಅನುಕೂಲ ಆಗೋದಾದ್ರೆ ತಡೆಯೋಕೆ ನನಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಇನ್‌ಸ್ಟಾಗ್ರಾಂ ಈಗ ಬೇಡ. ಆದರೆ ತಾನು ತೆಗೆದ ಫೋಟೊ ನಾಲ್ಕು ಜನಕ್ಕೆ ತೋರಿಸಬೇಕು ಅನ್ನುವ ಅವನ ಆಸೆಗೆ ದಯವಿಟ್ಟು ಬೇಡ ಅನ್ನಬೇಡಿ. ಅವನ ಕಲಿಕೆ ಮುಂದೆ ಹೋಗುವುದು ಆ ಆಸೆಯಿಂದಲೇ.

ಮೊದಲು ವಯಸ್ಸಿನ ಮಾತು ಮುಗಿಸೋಣ. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸಾಪ್, ಮೂರಕ್ಕೂ ಕನಿಷ್ಠ 13 ವರ್ಷ ಆಗಿರಬೇಕು. ಹುಟ್ಟಿದ ವರ್ಷ ಸುಳ್ಳು ಹೇಳಿದರೆ ಏನಾಗುತ್ತದೆ ಅನ್ನುವುದನ್ನು ಮಗನಿಗೆ ಬಿಡಿಸಿ ಹೇಳಿ. 18ರ ಒಳಗಿನವರಿಗೆ ಇನ್‌ಸ್ಟಾಗ್ರಾಂ ಈಗ ಒಂದಿಷ್ಟು ರಕ್ಷಣೆ ಕೊಡುತ್ತದೆ. ಅಕೌಂಟ್ ತಾನಾಗಿಯೇ ಖಾಸಗಿ ಆಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಮಾಡುವುದಕ್ಕೆ ತಡೆ ಇರುತ್ತದೆ. ಇದೆಲ್ಲ ನಿಂತಿರುವುದು ಹುಟ್ಟಿದ ವರ್ಷದ ಮೇಲೆ. ಹನ್ನೊಂದರ ಹುಡುಗ ಇಪ್ಪತ್ತು ಅಂತ ಬರೆದರೆ, ಆ ರಕ್ಷಣೆಯನ್ನು ಅವನ ಕೈಯಾರೆ ಅವನೇ ತೆಗೆದು ಹಾಕಿದಂತೆ. 2023ರಲ್ಲಿ ಬಂದ ನಮ್ಮ ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ 18ರ ಒಳಗಿನವರನ್ನು ಮಕ್ಕಳು ಅಂತಲೇ ಲೆಕ್ಕ ಹಾಕುತ್ತದೆ. ಅವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತದೆ.

ಈಗ ಕಲಿಕೆಯ ಮಾತು. ಒಂದು ಗಂಟೆ ವಿಡಿಯೋ ನೋಡಿದ ಮಗುವಿಗೆ ಎಲ್ಲ ಗೊತ್ತಾದಂತೆ ಅನಿಸುತ್ತದೆ. ಮರುದಿನ ಅದರ ಬಗ್ಗೆ ಎರಡು ಮಾತು ಹೇಳು ಅಂದರೆ ತಡವರಿಸುತ್ತದೆ. ಅದೇ ಮಗು ತಾನು ಕಂಡಿದ್ದನ್ನು ಇನ್ನೊಬ್ಬರ ಮುಂದಿಟ್ಟಾಗ, ತಿಳಿದವರೊಬ್ಬರು "ಹೌದಾ, ಹೇಗೆ ಗೊತ್ತಾಯ್ತು?" ಅಂತ ಕೇಳಿದಾಗ, ವಾಪಸ್ ಹೋಗಿ ಮತ್ತೆ ನೋಡುತ್ತದೆ. ಸಾಮಾಜಿಕ ಜಾಲತಾಣದಿಂದ ಮಕ್ಕಳಿಗೆ ನಿಜವಾಗಿ ಸಿಗಬಹುದಾದ ಲಾಭ ಈ ಮರುಪ್ರಶ್ನೆ. ಲೈಕ್‌ನಿಂದ ಅದು ಸಿಗುವುದಿಲ್ಲ.

ನಿಮ್ಮ ಮಗನಿಗೆ ಹೇಳಿ ಮಾಡಿಸಿದಂಥ ತಾಣವೊಂದಿದೆ: ಐನ್ಯಾಚುರಲಿಸ್ಟ್. 2008ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ಉಚಿತ. ಗಿಡ, ಹುಳ, ಹಕ್ಕಿ ಯಾವುದೇ ಇರಲಿ, ಫೋಟೊ ಹಾಕಿ ಇದು ಇಂಥದ್ದು ಅಂತ ನಮ್ಮ ಊಹೆ ಬರೆಯಬೇಕು. ತಿಳಿದವರು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ.

ಹಿತ್ತಲಿನ ಕರಿಬೇವಿನ ಗಿಡ ನೋಡಿ. ಅದರ ಎಲೆ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಹುಳ ಎಷ್ಟೋ ಸಲ ಇರುತ್ತದೆ. ಅದು ಚಿಟ್ಟೆಯ ಮರಿ. ಕಾಮನ್ ಮಾರ್ಮನ್ ಚಿಟ್ಟೆಯದ್ದಿರಬಹುದು, ಲೈಮ್ ಚಿಟ್ಟೆಯದ್ದೂ ಇರಬಹುದು. ಎರಡೂ ಕರಿಬೇವು, ನಿಂಬೆಯಂಥ ಗಿಡಗಳಲ್ಲಿ ಮೊಟ್ಟೆ ಇಡುತ್ತವೆ. ಎರಡರ ಮರಿಗಳೂ ಮೊದಲು ಹಿಕ್ಕೆಯಂತಿದ್ದು, ಆಮೇಲೆ ಹಸಿರಾಗುತ್ತವೆ. ಒಂದೇ ಫೋಟೊದಲ್ಲಿ ಯಾವುದು ಅಂತ ಹೇಳುವುದು ಕಷ್ಟ. ಯಾರಾದರೂ "ಪಕ್ಕದಿಂದ ಇನ್ನೊಂದು ಫೋಟೊ ತೆಗಿ" ಅನ್ನಬಹುದು. ಆಗ ಹುಡುಗ ಮತ್ತೆ ಕರಿಬೇವಿನ ಗಿಡದ ಹತ್ತಿರ ಓಡುತ್ತಾನೆ. ದಿನಾ ನೋಡುತ್ತಾನೆ. ಹುಳ ಗೂಡಾಗಿ, ಚಿಟ್ಟೆಯಾಗಿ ಹೊರಗೆ ಬರುವ ತನಕ ಕಾಯುತ್ತಾನೆ. ಆರನೇ ಕ್ಲಾಸಿನ ಹುಡುಗ ವಿಜ್ಞಾನ ಮಾಡುವುದು ಅಂದ್ರೆ ಇದೇ ಅಲ್ವಾ?

ಮೂರು ಎಚ್ಚರಿಕೆ. ಅಕೌಂಟ್ ನಿಮ್ಮ ಹೆಸರಲ್ಲಿ, ನಿಮ್ಮ ಫೋನಿನಲ್ಲಿ ಇರಲಿ. ಫೋಟೊದಲ್ಲಿ ಯಾರ ಮುಖವೂ ಬೇಡ. ಮೂರನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ಐನ್ಯಾಚುರಲಿಸ್ಟ್ ಫೋಟೊ ತೆಗೆದ ಜಾಗವನ್ನೂ ನಕ್ಷೆಯಲ್ಲಿ ತೋರಿಸುತ್ತದೆ. ಹಿತ್ತಲಿನ ಹುಳದ ಫೋಟೊ ಅಂದರೆ ನಿಮ್ಮ ಮನೆಯ ಜಾಗವೂ ಕಾಣುತ್ತದೆ. ಆ ತಾಣದಲ್ಲಿ ನಿಖರ ಜಾಗ ಮರೆಮಾಡುವ ಆಯ್ಕೆ ಇದೆ. ಮೊದಲ ಫೋಟೊ ಹಾಕುವಾಗಲೇ ಅದನ್ನು ಆರಿಸಿ. ಇಷ್ಟೂ ಬೇಡ ಅನಿಸಿದರೆ ಅದೇ ಬಳಗದ 'ಸೀಕ್' ಅನ್ನುವ ಆ್ಯಪ್ ಇದೆ. ಅಕೌಂಟೇ ಬೇಕಿಲ್ಲ, ಕ್ಯಾಮೆರಾ ಹಿಡಿದರೆ ಹೆಸರು ಹೇಳುತ್ತದೆ. ಆದರೆ ಅದರಲ್ಲಿ ಮಾತಾಡುವ ಮನುಷ್ಯರಿಲ್ಲ.

ಯಜಮಾನರ ಭಯ ಸುಮ್ನೆ ಬಂದದ್ದಲ್ಲ. ಆ ಭಯಕ್ಕೆ ಬೆಲೆ ಕೊಡಿ. ಫೋನು ಮಗನ ಕೈಗೆ ಬಿಟ್ಟುಕೊಡುವುದಿಲ್ಲ, ಸಂಜೆ ಅರ್ಧ ಗಂಟೆ ಇಬ್ಬರೂ ಕೂತು ನೋಡುತ್ತೇವೆ ಅಂತ ಅವರಿಗೆ ಹೇಳಿ. ಉತ್ತರಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುವುದರಿಂದ ದೊಡ್ಡವರೊಬ್ಬರು ಹೇಗೂ ಜೊತೆಗೆ ಬೇಕು. ಅವರನ್ನೇ ಕೂರಿಸಿದರೆ ಇನ್ನೂ ಒಳ್ಳೆಯದು. ಫೆಬ್ರುವರಿಯಲ್ಲಿ ನಾಲ್ಕು ದಿನ ಲೋಕವೆಲ್ಲ ಸೇರಿ ಹಕ್ಕಿ ಎಣಿಸುವ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ನಡೆಯುತ್ತದೆ. ಕನಿಷ್ಠ 15 ನಿಮಿಷ ಒಂದೇ ಕಡೆ ನಿಂತು ಎಣಿಸಿದರೂ ಸಾಕು. ಅಪ್ಪ ಮಗ ಇಬ್ಬರೂ ಗದ್ದೆ ಬದುವಿಗೆ ಹೋಗಲಿ.

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕ. ಎಂಟನೇ ತರಗತಿಗೆ ವಾಟ್ಸಾಪ್ ಗ್ರೂಪ್ ಮಾಡಿದ್ದೇನೆ. ಬರುವುದೆಲ್ಲ ಗುಡ್ ಮಾರ್ನಿಂಗ್, ಇಲ್ಲವೇ ಒಬ್ಬ ಬರೆದ ಲೆಕ್ಕದ ಫೋಟೊವನ್ನೇ ಉಳಿದವರೂ ಕಳಿಸುವುದು. ಕೆಲವರ ಮನೆಯಲ್ಲಿ ಸ್ಮಾರ್ಟ್‌ಫೋನೂ ಇಲ್ಲ. ಮುಚ್ಚಿಬಿಡಲೇ?

ಉತ್ತರ: ಮುಚ್ಚಬೇಡಿ ಸರ್, ಕೇಳುವ ಪ್ರಶ್ನೆಯನ್ನು ಬದಲಿಸಿ. ಪುಸ್ತಕದ ಲೆಕ್ಕಕ್ಕೆ ಉತ್ತರ ಒಂದೇ, ಹಾಗಾಗಿ ನಕಲು ಸುಲಭ. ಮನೆಮನೆಗೂ ಬೇರೆ ಉತ್ತರ ಬರುವ ಪ್ರಶ್ನೆ ಕೇಳಿ. ಈ ವಾರ ಸಂತೆಯಲ್ಲಿ ಈರುಳ್ಳಿ ಕಿಲೋಗೆ ಎಷ್ಟಿತ್ತು? ನಿಮ್ಮ ಮನೆಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕು? ಉತ್ತರವನ್ನು ಧ್ವನಿ ಸಂದೇಶದಲ್ಲಿ ಕಳಿಸಲಿ. ಫೋನ್ ಇಲ್ಲದವರು ಚೀಟಿಯಲ್ಲಿ ಬರೆದು ತರಲಿ. ಮರುದಿನ ಎಲ್ಲವನ್ನೂ ಹಲಗೆ ಮೇಲೆ ಬರೆದು ಸರಾಸರಿ ತೆಗೆಯಿರಿ, ಸ್ತಂಭನಕ್ಷೆ ಬಿಡಿಸಿ. ಕಲಿಕೆ ನಡೆಯುವುದು ತರಗತಿಯಲ್ಲೇ. ಫೋನಿನ ಕೆಲಸ ಉತ್ತರ ತಂದುಕೊಡುವುದಷ್ಟೇ. ಹಾಗಾಗಿ ಫೋನ್ ಇಲ್ಲದ ಮಗು ಹಿಂದೆ ಉಳಿಯುವುದಿಲ್ಲ.

ಇನ್ನೊಂದು ವಿಷಯ. ಸಾಮಾನ್ಯ ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ಪೋಷಕರಿಗೆ ಇದರ ಆತಂಕ ಜಾಸ್ತಿ, ಅದು ಸರಿಯೂ ಹೌದು. ವಾಟ್ಸಾಪ್‌ನಲ್ಲಿ 'ಕಮ್ಯುನಿಟಿ' ಮಾಡಿಕೊಂಡರೆ ಅದರ ಪ್ರಕಟಣೆ ಗ್ರೂಪಿನಲ್ಲಿ (ಅಲ್ಲಿ ಪ್ರಕಟಣೆ ಹಾಕುವವರು ಅಡ್ಮಿನ್ ಮಾತ್ರ) ಸದಸ್ಯರ ನಂಬರ್ ಬೇರೆ ಸದಸ್ಯರಿಗೆ ಕಾಣುವುದಿಲ್ಲ, ಅಡ್ಮಿನ್‌ಗೆ ಮಾತ್ರ ಕಾಣುತ್ತದೆ. ಪೋಷಕರ ನಂಬರನ್ನೇ ಸೇರಿಸಿ, ಮಕ್ಕಳದ್ದು ಬೇಡ. ಪ್ರಶ್ನೆ ಅಲ್ಲಿ ಹಾಕಿ, ಉತ್ತರ ಅಪ್ಪ ಅಮ್ಮನ ಫೋನಿನಿಂದ ನಿಮಗೆ ನೇರ ಬರಲಿ. ಗುಡ್ ಮಾರ್ನಿಂಗ್ ಕಾಟವೂ ತಪ್ಪುತ್ತದೆ. ಯಾರ ಅಂಕವನ್ನೂ ಗ್ರೂಪಿನಲ್ಲಿ ಹಾಕಬೇಡಿ. ತಪ್ಪು ಮಾಡಿದ ಹುಡುಗನಿಗೆ ಒಬ್ಬನಿಗೇ ಹೇಳಿ.

ಪ್ರಶ್ನೆ: ಧಾರವಾಡದಲ್ಲಿದ್ದೇನೆ, 68 ವರ್ಷ. ಏಳು ವರ್ಷದ ಮೊಮ್ಮಗಳು ಅಮೆರಿಕದಲ್ಲಿದ್ದಾಳೆ. ಕನ್ನಡ ತಿಳಿಯುತ್ತದೆ, ಮಾತಾಡುವುದಿಲ್ಲ. ವಿಡಿಯೋ ಕಾಲ್‌ನಲ್ಲಿ "ಹಾಯ್ ಅಜ್ಜಿ" ಅಂದು ಓಡಿಹೋಗುತ್ತಾಳೆ.

ಉತ್ತರ: ನಿಮಗೆ ರಾತ್ರಿ ಅಂದರೆ ಅವಳಿಗೆ ಶಾಲೆಗೆ ಹೊರಡುವ ಗಡಿಬಿಡಿ. ಕಾಲ್ ಬಿಟ್ಟು ಧ್ವನಿ ಸಂದೇಶಕ್ಕೆ ಬನ್ನಿ, ಮಗಳ ಅಥವಾ ಸೊಸೆಯ ಫೋನಿಗೆ. ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್' ತಾಣದಲ್ಲಿ ಮಕ್ಕಳ ಕನ್ನಡ ಕತೆಗಳು ಚಿತ್ರದ ಸಮೇತ ಉಚಿತವಾಗಿ ಸಿಗುತ್ತವೆ. ಮೊದಲ ಹಂತದ ಒಂದು ಕತೆ ಆರಿಸಿ, ಎರಡು ಪುಟ ಓದಿ ಕಳಿಸಿ. ಚಿತ್ರ ನೋಡುತ್ತಾ ಎಷ್ಟು ಸಲ ಬೇಕಾದರೂ ಕೇಳಲಿ. ಕೊನೆಗೆ ನಿಮಗೆ ನಿಜಕ್ಕೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಿ. "ನಿಮ್ಮಲ್ಲಿ ಈಗ ಹಿಮ ಬಿದ್ದಿದೆಯಾ? ಎಷ್ಟು ಎತ್ತರ?" ಅನ್ನುವಂಥದ್ದು. ಮೊದಮೊದಲು ಅರ್ಧ ಇಂಗ್ಲಿಷ್‌ನಲ್ಲೇ ಉತ್ತರ ಬರುತ್ತದೆ. ತಿದ್ದಬೇಡಿ. ಅವಳು ಹೇಳಿದ್ದನ್ನೇ ಪೂರಾ ಕನ್ನಡದಲ್ಲಿ ತಿರುಗಿ ಹೇಳಿ, ಮುಂದಿನ ಪ್ರಶ್ನೆ ಕೇಳಿ. ನಿಮ್ಮ ಧಾರವಾಡದ ಮಾತಿನಲ್ಲೇ ಕೇಳಿ, ಪುಸ್ತಕದ ಕನ್ನಡ ಬೇಡ.