ಮೂರೇ ವಾರಕ್ಕೆ ಡೋಸ್ ಏರಿಸಬೇಕಾ?

ಚಿಂತಾಮಣಿಯಲ್ಲಿರುವ ನಿಮ್ಮ ಅಮ್ಮನಿಗೆ 25 ಮೈಕ್ರೋಗ್ರಾಂ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ಕೊಡುವ ಮಾತ್ರೆ) ಶುರುವಾಗಿ ಮೂರು ವಾರ ಆಯ್ತು, ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದಿದ್ದಾಗ ರಕ್ತದಲ್ಲಿ ಏರುವ ಅಂಶ) ಇನ್ನೂ 9 ಇದೆ, ಡೋಸ್ ಸಾಲದಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಟಿಎಸ್‌ಎಚ್ ಒಂದು ಮಟ್ಟಕ್ಕೆ ಬಂದು ನಿಲ್ಲಲು 6ರಿಂದ 8 ವಾರ ಬೇಕು. ಅದಕ್ಕೇ ಡಾಕ್ಟರು ಅಷ್ಟು ದಿನ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಬೇಕಿದ್ದರೆ 12.5 ಅಥವಾ 25 ಮೈಕ್ರೋಗ್ರಾಂ ಏರಿಸುತ್ತಾರೆ. ವಯಸ್ಸಾದವರಿಗೆ ಒಮ್ಮೆಲೇ ಜಾಸ್ತಿ ಕೊಟ್ಟರೆ ಹೃದಯಕ್ಕೆ ಹೊರೆ, ಅಲ್ವಾ?

ಮಾತ್ರೆ ಹೇಗೆ ತಗೋತಾರೆ ಅಂತ ಮೊದಲು ನೋಡಿ. ನಮ್ಮ ಅತ್ತೆ ಮಾತ್ರೆ ನುಂಗಿದ ಐದೇ ನಿಮಿಷಕ್ಕೆ ಸ್ಟೀಲ್ ಲೋಟದ ತುಂಬ ಕಾಫಿ ಕುಡಿಯುತ್ತಿದ್ದರು, ತಿಂಡಿ ಆದ ತಕ್ಷಣ ಕ್ಯಾಲ್ಸಿಯಂ ಮಾತ್ರೆ ಬೇರೆ. ಹೀಗಾದರೆ ಥೈರಾಕ್ಸಿನ್ ಮೈಗೆ ಸರಿಯಾಗಿ ಹತ್ತಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಲ್ಲಿ ನುಂಗಿ, ಕಾಫಿಗೆ ಒಂದು ಗಂಟೆ ಬಿಡಬೇಕು. ಕ್ಯಾಲ್ಸಿಯಂ, ಐರನ್ ಮಾತ್ರೆಗೆ 4 ಗಂಟೆ ಅಂತರ ಇರಲಿ. ಡಾಕ್ಟರನ್ನು ಕೇಳದೆ ನೀವಾಗಿಯೇ ಸುಮ್ನೆ ಡೋಸ್ ಏರಿಸಬೇಡಿ.