ವೀರಗಲ್ಲಿನ ಎರಡನೇ ಸಾಲು

ಚಿಂತಾಮಣಿಯ ಓದುಗರೊಬ್ಬರು ಬರೆದಿದ್ದಾರೆ: “ದೇವರು ಅನ್ನುವುದೊಂದು ಇಲ್ಲದಿದ್ದರೆ ಮನುಷ್ಯ ಮನುಷ್ಯನನ್ನು ಹೀಗೆ ಬಡಿದು ಕೊಲ್ಲುತ್ತಿರಲಿಲ್ಲ. ಎಲ್ಲ ಹಿಂಸೆಯ ಬೇರು ನಂಬಿಕೆಯೇ. ಹೀಗಿರುವಾಗ ನಿಮ್ಮ ಪತ್ರಿಕೆ ತಿಂಗಳು ತಿಂಗಳೂ ಜಾತ್ರೆ, ಉರುಸುಗಳ ಚಿತ್ರ ಹಾಕುವುದೇಕೆ?”

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮ ಕೋಲಾರ ಸೀಮೆಯ ಯಾವ ಕೆರೆ ಏರಿಯ ಮೇಲೆ ನಡೆದರೂ ಒಂದು ವೀರಗಲ್ಲು ಸಿಗುತ್ತದಲ್ಲ, ಅಲ್ಲಿಂದ ಶುರು ಮಾಡುತ್ತೇನೆ. ನಮ್ಮೂರ ಕೋಡಿ ಪಕ್ಕದಲ್ಲೂ ಒಂದಿದೆ. ಚಿಕ್ಕಂದಿನಲ್ಲಿ ಅದಕ್ಕೆ ಒರಗಿ ಕೂತರೆ ಅಜ್ಜಿ ಗದರುತ್ತಿದ್ದಳು. ಕೆಳಗಿನ ಸಾಲಿನಲ್ಲಿ ದನಗಳು. ಕೊಂಬು ಸವೆದು ಈಗ ಬರೀ ಬೆನ್ನಿನ ಗೆರೆ ಉಳಿದಿದೆ. ಅವುಗಳ ಮುಂದೆ ಬಿಲ್ಲು ಎಳೆದ ಒಬ್ಬ, ಮೈಗೆ ನಾಟಿದ ಬಾಣಗಳು. ಎರಡನೇ ಸಾಲಿನಲ್ಲಿ ಇಬ್ಬರು ಅಪ್ಸರೆಯರು ಅವನ ಕಂಕುಳಿಗೆ ಕೈಕೊಟ್ಟು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನ ಸಾಲಿನಲ್ಲಿ ಅವನು ಲಿಂಗದ ಪಕ್ಕ ಕೂತಿದ್ದಾನೆ.

ಜಗಳ ಆದದ್ದು ದನಕ್ಕೆ. ತುರುಗೋಳು ಅನ್ನುತ್ತಾರೆ ಅದನ್ನು. ಹೊಡೆದುಕೊಂಡು ಹೋಗಲು ಬಂದವರೂ ಬಿಡಿಸಲು ಹೋದವರೂ ಬಹುಶಃ ಅದೇ ಲಿಂಗಕ್ಕೆ ಕೈಮುಗಿಯುತ್ತಿದ್ದವರು. ಕೆಳಗಿನ ಸಾಲಿನಲ್ಲಿ ದೇವರು ಇಲ್ಲವೇ ಇಲ್ಲ, ಬರುವುದು ಆಮೇಲೆ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆಯರು, ಮೂರು ದಿನದ ಮೈಗೆ ಚಿಂತೆ ಯಾಕೆ ಅನ್ನುವ ಅರ್ಥದ ಶ್ಲೋಕವನ್ನು ಎಷ್ಟೋ ವೀರಗಲ್ಲುಗಳ ಮೇಲೆ ಕೆತ್ತಿದ್ದಾರೆ. ಆ ಮಾತು ಕೇಳಿಕೊಂಡು ಬೆಳೆದ ಹುಡುಗನಿಗೆ ಸಾಯುವುದು ಸಲೀಸು, ಕೊಲ್ಲುವುದು ಇನ್ನೂ ಸಲೀಸು. ನಂಬಿಕೆಯ ಪಾಲು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅದು ಸಣ್ಣ ಪಾಲೇನೂ ಅಲ್ಲ.

ಆದರೆ ದೇವರನ್ನು ಓಡಿಸಿದರೆ ಎರಡನೇ ಸಾಲು ಖಾಲಿ ಉಳಿಯುತ್ತದೆಯೇ? 1975ರಿಂದ 1979ರವರೆಗೆ ಕಾಂಬೋಡಿಯಾವನ್ನು ಆಳಿದ ಖ್ಮೇರ್ ರೂಜ್‌ನವರು ಬೌದ್ಧ ಭಿಕ್ಷುಗಳ ಕಾವಿ ಬಿಚ್ಚಿಸಿ ಗದ್ದೆಗೆ ಅಟ್ಟಿದರು. ಹದಿನೈದು ಲಕ್ಷಕ್ಕೂ ಹೆಚ್ಚು ಜನ ಹಸಿವಿನಿಂದ, ರೋಗದಿಂದ, ಕೊಲೆಯಾಗಿ ಸತ್ತರು. ಅಪ್ಸರೆಯರ ಜಾಗದಲ್ಲಿ ಅವರು ಹೊಸ ಸಮಾಜವೊಂದನ್ನು ಕೆತ್ತಿಕೊಂಡಿದ್ದರು, ಅಷ್ಟೇ. 1994ರ ರುವಾಂಡಾದಲ್ಲಿ ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನರನ್ನು ಕೊಂದರು. ಕೊಂದವರೂ ಸತ್ತವರೂ ಬಹುಪಾಲು ಕ್ರೈಸ್ತರೇ, ಭಾನುವಾರ ಒಂದೇ ಬೆಂಚಿನಲ್ಲಿ ಕೂತವರು. ಇಗರ್ಜಿಯೊಳಗೆ ಅಡಗಿದವರನ್ನೂ ಬಿಡಲಿಲ್ಲ.

ಇನ್ನು ನಿಮ್ಮ ತಾಲ್ಲೂಕಿಗೇ ಬರೋಣ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಅಲ್ಲಿ ಧರ್ಮದ ಜಗಳವೇ ಇರಲಿಲ್ಲ, ಎಲ್ಲರೂ ಒಂದೇ ಹಬ್ಬ ಮಾಡುವವರು ಎಂದು ನಾನೂ ಒಂದು ಕಾಲಕ್ಕೆ ವಾದ ಮಾಡಿದ್ದೆ. ಈಗ ಆ ಮಾತು ಬಾಯಿಗೆ ಬರುವುದಿಲ್ಲ. ಒಂದು ಮನೆಯವರನ್ನು ಸುಡಬಹುದು ಎಂದು ಕೈ ಮುಂದಾಗಬೇಕಾದರೆ, ಅದಕ್ಕೆ ಮುಂಚೆ ಎಷ್ಟೋ ತಲೆಮಾರು ಅವರನ್ನು ಮುಟ್ಟಬಾರದು ಎಂದು ನಂಬಿರಬೇಕು. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಉತ್ಸವದ ಕೋಲು ಮುಟ್ಟಿದ ಹುಡುಗನ ಮನೆಗೆ ಅರವತ್ತು ಸಾವಿರ ರೂಪಾಯಿ ದಂಡ ಹಾಕಿದರು. ಇದು ದನದ ಜಗಳವೂ ಅಲ್ಲ, ಹೊಲದ ಜಗಳವೂ ಅಲ್ಲ. ಮೈಲಿಗೆ ಅನ್ನುವ ನಂಬಿಕೆ ಕೆಳಗಿನ ಸಾಲಿಗೇ ಇಳಿದು ಬಂದಿತ್ತು. ಇಲ್ಲಿ ನೀವು ಹೇಳುವುದೇ ಸರಿ, ನಾನು ಸೋತೆ.

ಆದರೂ ಎಲ್ಲ ಹಿಂಸೆಯ ಬೇರು ನಂಬಿಕೆಯೇ ಎನ್ನಲು ನನ್ನಿಂದಾಗದು. ನಿಮ್ಮೂರಿನಿಂದ ಮುರುಗಮಲ್ಲಕ್ಕೆ ಹೋಗುವ ಬಸ್ಸಿನಲ್ಲಿ ಒಮ್ಮೆ ನನ್ನ ಪಕ್ಕ ಹಣೆ ತುಂಬ ಕುಂಕುಮ ಇಟ್ಟ ಒಬ್ಬ ತಾಯಿ ಕೂತಿದ್ದರು. ತಲೆ ಕೆಟ್ಟ ಮಗನ ಮುಂಗೈಯನ್ನು ತಮ್ಮ ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡು ದರ್ಗಾಕ್ಕೆ ಹೊರಟಿದ್ದರು. ಇಳಿಯುವಾಗ ಟೋಪಿ ಹಾಕಿದ್ದ ಮುದುಕರೊಬ್ಬರು ಏನೂ ಕೇಳದೆ ಹುಡುಗನ ಇನ್ನೊಂದು ಕೈ ಹಿಡಿದರು. ಅದೂ ನಂಬಿಕೆಯೇ. ಅದನ್ನು ಯಾವ ಲೆಕ್ಕಕ್ಕೆ ಬರೆದುಕೊಳ್ಳಲಿ ಹೇಳಿ.

ಜಾತ್ರೆ, ಉರುಸುಗಳ ಚಿತ್ರ ಹಾಕುವುದನ್ನು ನಿಲ್ಲಿಸುವುದಿಲ್ಲ. ಮುಂದಿನ ಸಂಚಿಕೆಯಿಂದ ಪ್ರತಿ ತೇರಿನ ಚಿತ್ರದ ಕೆಳಗೆ, ಆ ಊರಿನಲ್ಲಿ ತೇರಿನ ಹಗ್ಗವನ್ನು ಯಾರು ಹಿಡಿಯುವಂತಿಲ್ಲ ಎಂದು ಕೇಳಿ ತಿಳಿದು ಬರೆಯುತ್ತೇವೆ. ನಿಮ್ಮ ಕಡೆಯ ಊರುಗಳನ್ನು ನೀವೇ ವಿಚಾರಿಸಿ ಬರೆದು ಕಳಿಸಿ.